ಕಾರು ಮುನಿಸಿಕೊಂಡರೆ ಬರ್ತಾಳನ್ನು ನೆನೆಯಿರಿ

ಮಕ್ಕಳ ಸ್ಕೂಲಿಗೆ ಹೊತ್ತಾಗಿದೆ. ಟಿಫನ್ ಬಾಕ್ಸು, ನೀರಿನ ಬಾಟಲು, ಬ್ಯಾಗು ಎಲ್ಲ ಹಿಂದಿನ ಸೀಟಿಗೆ ಹಾಕಿ ಕೂತು ಕೀ ತಿರುಗಿಸುತ್ತೀರಿ. ಕುರ್ರ್... ಕುರ್ರ್... ಅಷ್ಟೇ! ಕಾರು ಸ್ಟಾರ್ಟ್ ಆಗುವುದಿಲ್ಲ. ಆಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದು, ಬಿಟ್ಟೂ ಬಿಡದೆ ಕೀ ತಿರುಗಿಸುವುದು. ಇನ್ನೊಂದು, ಗಂಡನಿಗೆ ಫೋನ್ ಮಾಡುವುದು.

ಅದೇ ಅಡುಗೆಮನೆಯಲ್ಲಿ ಮಿಕ್ಸಿ ನಿಂತುಹೋದರೆ? ಯಾರನ್ನೂ ಕರೆಯೋದಿಲ್ಲ ನಾವು. ಕರೆಂಟ್ ಇದೆಯಾ, ಪ್ಲಗ್ ಸರಿಯಾಗಿ ಕೂತಿದೆಯಾ, ಜಾರ್ ಸರಿಯಾಗಿ ಸೇರಿದೆಯಾ ಅಂತ ಒಂದೊಂದಾಗಿ ನೋಡ್ತೀವಿ. ಕೊನೆಗೆ ಮಿಕ್ಸಿಯನ್ನು ಮಗುಚಿ ತಳದಲ್ಲಿರುವ ಕೆಂಪು ಬಟನ್ ಒತ್ತಿ ನೋಡ್ತೀವಿ. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಕ್ರಮವಾಗಿ ಹುಡುಕುವ ತಾಳ್ಮೆ ಇದ್ದರೆ ಸಾಕು. ಕಾರಿನ ವಿಷಯವೂ ಇದಕ್ಕಿಂತ ಬಹಳ ಬೇರೆಯೇನಲ್ಲ.

ಈ ಮಾತನ್ನು ರಸ್ತೆಯಲ್ಲೇ ಮಾಡಿ ತೋರಿಸಿದವಳು ಒಬ್ಬ ಗೃಹಿಣಿ. ಜಗತ್ತಿನಲ್ಲಿ ಇನ್ನೂ ಒಂದೇ ಒಂದು ಪೆಟ್ರೋಲ್ ಬಂಕ್ ಇಲ್ಲದಿದ್ದ, ಕಾರಿನ ಗ್ಯಾರೇಜ್ ಅನ್ನುವ ಪದವೇ ಹುಟ್ಟದಿದ್ದ 1888ರಲ್ಲಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಕಾರಿನಲ್ಲಿ ತವರಿಗೆ ಹೊರಟ ಬರ್ತಾ ಬೆಂಜ್. ಇವತ್ತು ಮರ್ಸಿಡಿಸ್ ಬೆಂಜ್ ಅಂದಾಗ ನಾವು ಹೇಳುವ ಆ ಬೆಂಜ್ ಮನೆತನದ ಸೊಸೆ.

ಮತ್ತೆ ಹೆಣ್ಣೇ ಹುಟ್ಟಿತು!

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಜ್‌ಹೈಮ್ ಎಂಬ ಊರಿನಲ್ಲಿ. ತಂದೆ ಕಾರ್ಲ್ ಫ್ರೆಡ್ರಿಕ್ ರಿಂಗರ್ ಬಡಗಿ ಕೆಲಸದಿಂದ ಮೇಲೆ ಬಂದು ಕಟ್ಟಡಗಳನ್ನು ಕಟ್ಟಿಸುತ್ತಿದ್ದ ಅನುಕೂಲಸ್ಥ. ಮಗಳು ಹುಟ್ಟಿದಾಗ ಆತ ಮನೆಯ ಬೈಬಲ್ಲಿನಲ್ಲಿ, ಈ ಸಲವೂ ಹೆಣ್ಣೇ ಆಯಿತಲ್ಲ ಎಂದು ಬೇಸರದಿಂದ ಬರೆದಿಟ್ಟಿದ್ದನಂತೆ. ಒಂದು ದಿನ ಆ ಸಾಲು ಬಾಲಕಿ ಬರ್ತಾಳ ಕಣ್ಣಿಗೇ ಬಿತ್ತು ಎಂದು ಅವಳ ಕಥೆ ಹೇಳುವವರೆಲ್ಲ ನೆನೆಯುತ್ತಾರೆ. ನಮ್ಮಲ್ಲೂ ಇಂಥ ಮಾತು ಕೇಳಿ ಬೆಳೆದವರಿಗೆ ಆ ಹುಡುಗಿಯ ಮನಸ್ಸು ಹೇಗಾಗಿರಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ.

1869ರಲ್ಲಿ ಒಂದು ಪ್ರವಾಸದಲ್ಲಿ ಆಕೆಗೆ ಕಾರ್ಲ್ ಬೆಂಜ್ ಪರಿಚಯವಾದ. ಕೈಯಲ್ಲಿ ಕಾಸಿಲ್ಲದ, ಆದರೆ ತಲೆ ತುಂಬ ಕುದುರೆಯಿಲ್ಲದ ಗಾಡಿಯ ಕನಸು ತುಂಬಿಕೊಂಡಿದ್ದ ಯುವ ಇಂಜಿನಿಯರ್. 1871ರಲ್ಲಿ ಕಾರ್ಲ್ ಒಬ್ಬ ಪಾಲುದಾರನ ಜೊತೆ ಮ್ಯಾನ್‌ಹೈಮ್ ಊರಿನಲ್ಲಿ ಸಣ್ಣ ಕಾರ್ಖಾನೆ ತೆರೆದ. ಪಾಲುದಾರ ನಂಬಿಕೆಗೆ ತಕ್ಕವನಾಗಿರಲಿಲ್ಲ. ಕಾರ್ಖಾನೆ ಇನ್ನೇನು ಮುಳುಗುತ್ತದೆ ಅನ್ನುವಾಗ ಬರ್ತಾ ಒಂದು ಗಟ್ಟಿ ತೀರ್ಮಾನ ಮಾಡಿದಳು. ತನ್ನ ಮದುವೆಗೆಂದು ತೆಗೆದಿಟ್ಟಿದ್ದ ಹಣವನ್ನು ಮದುವೆಗೆ ಮೊದಲೇ ತಂದೆಯಿಂದ ಕೇಳಿ ಪಡೆದು, ಆ ಪಾಲುದಾರನ ಪಾಲನ್ನು ಬಿಡಿಸಲು ಕೊಟ್ಟಳು. 1872ರ ಜುಲೈ 20ರಂದು ಮದುವೆಯಾಯಿತು. ಒಡವೆ, ಪಾತ್ರೆಯಾಗಬೇಕಿದ್ದ ಸ್ತ್ರೀಧನ ಕಬ್ಬಿಣ, ಹತ್ಯಾರುಗಳಾಗಿ ಹೋಗಿತ್ತು.

ಆಗಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ತನ್ನ ಹಣದ ಮೇಲೂ ಪೂರ್ತಿ ಅಧಿಕಾರ ಇರಲಿಲ್ಲ. ಹಾಗಾಗಿ ಬಂಡವಾಳ ಹಾಕಿದವಳು ಬರ್ತಾ ಆದರೂ ಮುಂದೆ ಬಂದ ಪೇಟೆಂಟ್ ಗಂಡನ ಹೆಸರಿನಲ್ಲಿ ಮಾತ್ರ ಆಯಿತು.

ವರ್ಷದ ಕೊನೆಯ ರಾತ್ರಿ

ಕಾರ್ಲ್ ಮೊದಲು ತಯಾರಿಸಲು ಹೊರಟಿದ್ದು ಗ್ಯಾಸಿನಿಂದ ಓಡುವ ಇಂಜಿನ್. ವರ್ಷಗಟ್ಟಲೆ ಒದ್ದಾಡಿದರೂ ಅದು ಸರಿಯಾಗಿ ಓಡಲೇ ಇಲ್ಲ. ಮನೆಯಲ್ಲಿ ಪುಟ್ಟ ಮಕ್ಕಳು, ಕೈಯಲ್ಲಿ ದುಡ್ಡಿಲ್ಲ. 1879ರ ಡಿಸೆಂಬರ್ 31ರ ರಾತ್ರಿ ಊಟವಾದ ಮೇಲೆ ಕಾರ್ಲ್ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದ. ಇನ್ನೊಂದೇ ಒಂದು ಸಲ ನೋಡಿಬಿಡೋಣ ಬನ್ನಿ ಅಂತ ಅವನನ್ನು ಎಬ್ಬಿಸಿಕೊಂಡು ಕಾರ್ಖಾನೆಗೆ ಹೊರಟವಳು ಬರ್ತಾ. ಕೈಯಿಂದ ತಿರುಗಿಸಿದರು. ಇಂಜಿನ್ ಟಪ್ ಟಪ್ ಟಪ್ ಅಂತ ಸದ್ದು ಮಾಡಿತು, ಮತ್ತೆ ನಿಲ್ಲಲಿಲ್ಲ! ಗಂಡಹೆಂಡತಿ ಅದರ ಮುಂದೆ ಬಹಳ ಹೊತ್ತು ನಿಂತೇ ಇದ್ದರು. ಹೊರಗೆ ಊರಿನ ಗಂಟೆಗಳು ಹೊಸ ವರ್ಷ ಬಂತು ಅಂತ ಸಾರುತ್ತಿದ್ದವು.

ಇಲ್ಲಿ ಒಂದು ವಿಷಯ ಗಮನಿಸಿ. ಯಾವ ಇಂಜಿನ್ನೂ ತಾನಾಗಿ ಏಳುವುದಿಲ್ಲ. ಮೊದಲು ಯಾರಾದರೂ ಅದನ್ನು ತಿರುಗಿಸಿಕೊಡಬೇಕು. ಬೆಂಜ್ ಕಾರಿನಲ್ಲಿ ಹಿಂಬದಿಯ ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಬೇಕಿತ್ತು. ಆಮೇಲೆ ಬಂದ ಕಾರುಗಳಲ್ಲಿ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರು. ಅದು ಹಿಂದಕ್ಕೆ ಒದ್ದು ಕೈ ಮುರಿದುಕೊಂಡವರೂ ಇದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಈ ಕಷ್ಟ ತಪ್ಪಿತು. ನೀವು ಕೀ ತಿರುಗಿಸಿದಾಗ ಕುರ್ರ್ ಅನ್ನುವುದು ಈ ಸ್ಟಾರ್ಟರ್ ಮೋಟಾರೇ. ಅದಕ್ಕೆ ಶಕ್ತಿ ಕೊಡುವುದು ಬ್ಯಾಟರಿ.

ಆದ್ದರಿಂದ ಮೊದಲ ಪ್ರಶ್ನೆ: ಇಂಜಿನ್ ತಿರುಗುತ್ತಿದೆಯೇ, ಇಲ್ಲವೇ? ಇದಕ್ಕೆ ಕಿವಿಯೇ ಸಾಕು.

ಏನೂ ಸದ್ದಿಲ್ಲ, ಡ್ಯಾಶ್‌ಬೋರ್ಡಿನ ದೀಪಗಳೂ ಇಲ್ಲ ಅಂದರೆ ಬ್ಯಾಟರಿ ಪೂರ್ತಿ ಇಳಿದಿದೆ ಅಥವಾ ಅದರ ವೈರ್ ಸಡಿಲವಾಗಿದೆ. ಟಿಕ್ ಟಿಕ್ ಟಿಕ್ ಅಂತ ಬೇಗ ಬೇಗ ಸದ್ದು ಬಂದು ದೀಪಗಳು ಮಂಕಾದರೂ ಬ್ಯಾಟರಿಯದೇ ದೋಷ. ದೀಪ ಜೋರಾಗಿ ಉರಿಯುತ್ತಿದೆ, ಹಾರ್ನ್ ಚೆನ್ನಾಗಿದೆ, ಆದರೆ ಟಕ್ ಅಂತ ಒಂದೇ ಸದ್ದು ಬಂದು ನಿಲ್ಲುತ್ತದೆಯೇ? ಅನುಮಾನ ಸ್ಟಾರ್ಟರ್ ಮೇಲೆ. ಬಾನೆಟ್ ತೆಗೆದು ಬ್ಯಾಟರಿಯ ಎರಡು ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿಕೊಂಡಿದ್ದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಸಿಂಕಿನ ಬಾಯಲ್ಲಿ ಪಾಚಿ ಕಟ್ಟಿದರೆ ನೀರು ಹೋಗದ ಹಾಗೆ ಅನ್ನಿ.

ಹೇಳದೆ ಕೇಳದೆ ತವರಿಗೆ

1886ರ ಜನವರಿ 29ರಂದು ಕಾರ್ಲ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ. ಅದೇ ಜುಲೈನಲ್ಲಿ ಮ್ಯಾನ್‌ಹೈಮಿನ ಬೀದಿಯಲ್ಲಿ ಜನರೆದುರು ಓಡಿಸಿದ. ಆದರೆ ಕೊಳ್ಳುವವರು ಬೇಕಲ್ಲ? ಜನ ಬಂದರು, ನೋಡಿದರು, ನಕ್ಕು ಹೋದರು. ಕುದುರೆಯೇ ಇಲ್ಲದ ಈ ಸದ್ದಿನ ಪೆಟ್ಟಿಗೆಯನ್ನು ನಂಬಿ ದೂರದ ಊರಿಗೆ ಹೋಗುವುದು ಹೇಗೆ? ಕಾರ್ಲ್‌ನೋ ಇನ್ನಷ್ಟು ಸುಧಾರಿಸಬೇಕು, ಇನ್ನಷ್ಟು ತಿದ್ದಬೇಕು ಅನ್ನುವ ಸ್ವಭಾವದವನು. ತಾನು ಹಾಕಿದ ಹಣ, ಗಂಡನ ಇಷ್ಟು ವರ್ಷದ ದುಡಿಮೆ ಎಲ್ಲವೂ ಶೆಡ್ಡಿನಲ್ಲೇ ಧೂಳು ಹಿಡಿಯುವುದನ್ನು ನೋಡುತ್ತ ಕೂರಲು ಬರ್ತಾಗೆ ಆಗಲಿಲ್ಲ.

1888ರ ಆಗಸ್ಟ್. ಮಕ್ಕಳಿಗೆ ಸ್ಕೂಲಿಗೆ ರಜ. ಒಂದು ಬೆಳಿಗ್ಗೆ ಕಾರ್ಲ್ ಏಳುವ ಮೊದಲೇ ಬರ್ತಾ, 15 ವರ್ಷದ ಯೂಜೆನ್, 13 ವರ್ಷದ ರಿಚರ್ಡ್ ಮೂವರೂ ಕಾರನ್ನು ಹೊರಗೆ ತಂದು ಹೊರಟೇಬಿಟ್ಟರು. ಎಲ್ಲಿಗೆ? ಸುಮಾರು 105 ಕಿಲೋಮೀಟರ್ ದೂರದ ಫೋರ್ಜ್‌ಹೈಮಿಗೆ, ಬರ್ತಾಳ ತವರೂರಿಗೆ. ಅಷ್ಟು ದೂರ ಅದುವರೆಗೆ ಯಾರೂ ಇಂಥ ಗಾಡಿಯಲ್ಲಿ ಹೋಗಿರಲಿಲ್ಲ. ಆಗ ಬರ್ತಾಗೆ 39 ವರ್ಷ, ನಾಲ್ಕು ಮಕ್ಕಳ ತಾಯಿ.

ಮೊದಲು ಇಂಧನ, ಆಮೇಲೆ ಕಿಡಿ

ಇಂಜಿನ್ ತಿರುಗಿದ ಮಾತ್ರಕ್ಕೆ ಹೊತ್ತಿಕೊಳ್ಳುವುದಿಲ್ಲ. ನಮ್ಮ ಗ್ಯಾಸ್ ಒಲೆಯನ್ನೇ ನೋಡಿ. ಗ್ಯಾಸ್ ಬರಬೇಕು, ಗಾಳಿ ಸೇರಬೇಕು, ಲೈಟರಿನ ಕಿಡಿ ತಾಗಬೇಕು. ಪೆಟ್ರೋಲ್ ಇಂಜಿನ್ನಿಗೂ ಬೇಕಾದದ್ದು ಇವೇ. ಬರ್ತಾಗೆ ಇದು ಚೆನ್ನಾಗಿ ಗೊತ್ತಿತ್ತು. ಪುಸ್ತಕ ಓದಿ ಅಲ್ಲ, ವರ್ಷಗಟ್ಟಲೆ ಗಂಡನ ಪಕ್ಕದಲ್ಲಿ ನಿಂತು ನೋಡಿ.

ಮೊದಲ ತೊಂದರೆ ಇಂಧನದ್ದು. ಆ ಕಾರು ಓಡುತ್ತಿದ್ದದ್ದು ಲಿಗ್ರೊಯಿನ್ ಎಂಬ ದ್ರವದಿಂದ. ಬಟ್ಟೆಯ ಕಲೆ ತೆಗೆಯಲು ಜನ ಅದನ್ನು ಔಷಧಿ ಅಂಗಡಿಯಿಂದ ತರುತ್ತಿದ್ದರು. ಕಾರಿನಲ್ಲಿ ಹಿಡಿಯುತ್ತಿದ್ದದ್ದು ಕೆಲವೇ ಲೀಟರ್. ವೀಸ್‌ಲೋಖ್ ಎಂಬ ಊರು ಬಂದಾಗ ಬರ್ತಾ ನೇರವಾಗಿ ಅಲ್ಲಿನ ಔಷಧಿ ಅಂಗಡಿಗೆ ಹೋಗಿ ಲಿಗ್ರೊಯಿನ್ ಕೊಂಡಳು. ಆ ಅಂಗಡಿಯನ್ನು ಇವತ್ತೂ ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುತ್ತಾರೆ. ಇಂಜಿನ್ ಬಿಸಿಯಾಗದಂತೆ ದಾರಿಯುದ್ದಕ್ಕೂ ಸಿಕ್ಕ ಸಿಕ್ಕಲ್ಲಿ ನೀರು ತುಂಬಿಸಿಕೊಂಡಿದ್ದೂ ಆಯಿತು.

ಮುಂದೆ ಒಂದು ಕಡೆ ಕಾರು ನಿಂತಿತು. ಇಂಧನ ಇದೆ, ಆದರೆ ಇಂಜಿನ್‌ವರೆಗೆ ಬರುತ್ತಿಲ್ಲ. ಪೈಪಿನಲ್ಲಿ ಕಸ ಕಟ್ಟಿಕೊಂಡಿತ್ತು. ಬರ್ತಾ ತನ್ನ ಟೋಪಿಗೆ ಸಿಕ್ಕಿಸಿದ್ದ ಉದ್ದನೆಯ ಪಿನ್ ತೆಗೆದು ಪೈಪಿಗೆ ತೂರಿಸಿ ಕಸ ಬಿಡಿಸಿದಳು. ಸ್ಟೋವಿನ ಬರ್ನರ್ ಕಟ್ಟಿಕೊಂಡಾಗ ನಮ್ಮಮ್ಮಂದಿರು ಪಿನ್ ಹಾಕುತ್ತಿರಲಿಲ್ಲವೇ, ಹಾಗೆಯೇ!

ಮತ್ತೊಂದು ಸಲ ಇಂಧನ ಬರುತ್ತಿತ್ತು, ಕಿಡಿ ಇಲ್ಲ. ಬ್ಯಾಟರಿಯ ಕರೆಂಟ್ ಕಾಯಿಲ್‌ಗೆ ಹೋಗಿ, ಅಲ್ಲಿಂದ ವೈರಿನ ಮೂಲಕ ಸ್ಪಾರ್ಕ್ ಪ್ಲಗ್ಗಿಗೆ ಹೋಗಿ ಕಿಡಿ ಹಾರಬೇಕು. ಕಾರ್ಲ್‌ಗೆ ಅತಿ ಹೆಚ್ಚು ತಲೆನೋವು ಕೊಟ್ಟ ಭಾಗವೇ ಈ ಇಗ್ನಿಷನ್. ದಾರಿಯ ಕುಲುಕಾಟಕ್ಕೆ ಆ ವೈರಿನ ಮೇಲಿನ ಹೊದಿಕೆ ಸವೆದುಹೋಗಿತ್ತು. ಬೆತ್ತಲಾದ ವೈರು ಲೋಹಕ್ಕೆ ತಾಗಿದರೆ ಕರೆಂಟ್ ಅಡ್ಡದಾರಿ ಹಿಡಿಯುತ್ತದೆ, ಪ್ಲಗ್‌ವರೆಗೆ ಹೋಗುವುದೇ ಇಲ್ಲ. ಬರ್ತಾ ತನ್ನ ಕಾಲುಚೀಲ ಜಾರದಂತೆ ಕಟ್ಟಿಕೊಂಡಿದ್ದ ಪಟ್ಟಿಯನ್ನು ಬಿಚ್ಚಿ ಆ ವೈರಿಗೆ ಸುತ್ತಿದಳು. ಕಿಡಿ ಬಂತು, ಕಾರು ಹೊರಟಿತು.

ಏರು ದಾರಿ ಬಂದಾಗ ಕಾರಿಗೆ ಶಕ್ತಿ ಸಾಲದೆ ಮಕ್ಕಳು ಇಳಿದು ತಳ್ಳಿದರು. ಸಡಿಲವಾದ ಚೈನನ್ನು ಕಮ್ಮಾರನೊಬ್ಬ ಸರಿಮಾಡಿಕೊಟ್ಟ. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡುಗಳು ಸವೆದಾಗ, ಬೌಶ್ಲಾಟ್ ಎಂಬ ಹಳ್ಳಿಯಲ್ಲಿ ಚಪ್ಪಲಿ ಹೊಲಿಯುವವನಿಂದ ಅವಕ್ಕೆ ಚರ್ಮ ಹೊಡೆಸಿದಳು. ತನ್ನ ಕೈಲಾಗುವುದನ್ನು ತಾನು ಮಾಡಿದಳು, ಆಗದ್ದನ್ನು ಬಲ್ಲವರಿಗೆ ಕೊಟ್ಟಳು. ಕಸುಬು ಗೊತ್ತಿದ್ದವರ ಸಹಾಯ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಏನು ಕೆಟ್ಟಿದೆ ಅಂತ ಅವಳಿಗೆ ಮೊದಲೇ ಗೊತ್ತಿತ್ತು ನೋಡಿ, ಅದೇ ಮುಖ್ಯ.

ಕತ್ತಲಾಗುವ ಹೊತ್ತಿಗೆ ಫೋರ್ಜ್‌ಹೈಮ್ ತಲುಪಿ, ಸುಖವಾಗಿ ಬಂದು ಸೇರಿದ್ದೇವೆ ಎಂದು ಗಂಡನಿಗೆ ತಂತಿ ಕೊಟ್ಟಳು. ಕೆಲವು ದಿನಗಳ ನಂತರ ಅದೇ ಕಾರಿನಲ್ಲಿ ಮನೆಗೂ ಮರಳಿದರು.

ನಮ್ಮ ಕಾರಿನಲ್ಲಿ ಹುಡುಕುವುದು ಹೇಗೆ?

ಇಂಜಿನ್ ಚೆನ್ನಾಗಿ ಕುರ್ರ್ ಅಂತ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಅಂದರೆ ಬ್ಯಾಟರಿಯನ್ನು ಬೈಯಬೇಡಿ. ಬರ್ತಾಳ ಕ್ರಮದಲ್ಲೇ ಹೋಗಿ.

ಇಂಧನ: ಮೊದಲು ಮುಳ್ಳು ನೋಡಿ. ನಗಬೇಡಿ, ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ. ಸಿಎನ್‌ಜಿ ಕಾರಾದರೆ ಬಹುತೇಕ ಮಾಡೆಲ್‌ಗಳು ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗುತ್ತವೆ, ಆದ್ದರಿಂದ ಪೆಟ್ರೋಲ್ ಟ್ಯಾಂಕ್ ಖಾಲಿ ಬಿಡಬಾರದು. ಪೆಟ್ರೋಲ್ ಕಾರಿನಲ್ಲಿ ಸ್ಟಾರ್ಟ್ ಮಾಡದೆ ಕೀಯನ್ನು ಆನ್ ಮಾತ್ರ ಮಾಡಿ, ಎಸಿ, ರೇಡಿಯೋ ಆಫ್ ಮಾಡಿ ಕಿವಿಗೊಟ್ಟು ಕೇಳಿ. ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಗುಂಯ್ ಅಂತ ಸಣ್ಣ ಸದ್ದು ಬರಬೇಕು. ಅದು ಪೆಟ್ರೋಲ್ ಪಂಪ್. ದಿನಾ ಕೇಳುವ ಸದ್ದು ಇವತ್ತು ಇಲ್ಲ ಅಂದರೆ ಪಂಪ್ ಅಥವಾ ಅದರ ಫ್ಯೂಸ್ ಹೋಗಿರಬಹುದು. ಮೆಕ್ಯಾನಿಕ್‌ಗೆ ಇದೊಂದು ಮಾತು ಹೇಳಿದರೆ ಅವರ ಅರ್ಧ ಕೆಲಸ ಮುಗಿದ ಹಾಗೆ.

ಕಿಡಿ: ಮಳೆಯಲ್ಲಿ ನೆನೆದ ಅಥವಾ ಇಂಜಿನ್ನಿಗೆ ನೀರು ಹೊಡೆದು ತೊಳೆದ ಮರುದಿನ ಕಾರು ಏಳದಿದ್ದರೆ ಪ್ಲಗ್, ಕಾಯಿಲ್‌ಗಳಿಗೆ ತೇವ ತಾಗಿರಬಹುದು. ನಮ್ಮ ಊರುಗಳಲ್ಲಿ ಇನ್ನೊಬ್ಬ ಶತ್ರು ಇದ್ದಾನೆ, ಇಲಿ! ರಾತ್ರಿ ಬೆಚ್ಚಗಿನ ಬಾನೆಟ್ಟಿನೊಳಗೆ ಸೇರಿ ವೈರು ಕಡಿಯುತ್ತದೆ. ಹಿಕ್ಕೆ, ಹುಲ್ಲುಕಡ್ಡಿ, ಕಚ್ಚಿದ ವೈರು ಕಂಡರೆ ಇನ್ನು ಸ್ಟಾರ್ಟ್ ಮಾಡಲು ಹೋಗಬೇಡಿ. ಬರ್ತಾ ಪಟ್ಟಿ ಸುತ್ತಿದಳು ಅಂತ ನಾವು ಹಾಗೆ ಮಾಡುವಂತಿಲ್ಲ. ಈಗಿನ ಇಗ್ನಿಷನ್ನಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಬೆತ್ತಲೆ ವೈರಿನಿಂದ ಬೆಂಕಿಯೂ ಹೊತ್ತಬಹುದು. ನೋಡುವುದು ನಮ್ಮ ಕೆಲಸ, ಮುಟ್ಟುವುದು ಮೆಕ್ಯಾನಿಕ್ ಕೆಲಸ.

ಡೀಸೆಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಕೀ ಆನ್ ಮಾಡಿದಾಗ ಸುರುಳಿಯಂಥ ಹಳದಿ ಗುರುತು ಬಂದರೆ, ಅದು ಆರುವವರೆಗೆ ಕಾದು ಆಮೇಲೆ ಸ್ಟಾರ್ಟ್ ಮಾಡಿ. ಚಳಿಗಾಲದ ಬೆಳಿಗ್ಗೆ ಈ ಕೆಲವು ಸೆಕೆಂಡುಗಳೇ ಮುಖ್ಯ.

ಇನ್ನು, ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಗುರುತು ಮಿಣಮಿಣ ಅಂದರೆ ಕಾರಿಗೆ ನಿಮ್ಮ ಕೀ ಗುರುತು ಸಿಕ್ಕಿಲ್ಲ ಎಂದರ್ಥ. ಇನ್ನೊಂದು ಕೀ ಹಾಕಿ ನೋಡಿ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನಲ್ಲಿ ರಿಮೋಟಿನೊಳಗಿನ ನಾಣ್ಯದಂಥ ಸೆಲ್ ಮುಗಿದಿದ್ದರೆ, ಬಹಳಷ್ಟು ಕಾರುಗಳಲ್ಲಿ ರಿಮೋಟನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದರೆ ಕೆಲಸ ಆಗುತ್ತದೆ.

ಕೊನೆಗೂ ಸಿಕ್ಕ ಮನ್ನಣೆ

ಬರ್ತಾ ಸುಮ್ಮನೆ ಪ್ರಯಾಣ ಮಾಡಿ ಬರಲಿಲ್ಲ. ಎಲ್ಲಿ ಏನು ಕೆಟ್ಟಿತು, ಏನು ಬದಲಾಗಬೇಕು ಅಂತ ಗಂಡನಿಗೆ ವಿವರವಾಗಿ ಹೇಳಿದಳು. ಏರು ಹತ್ತಲು ಇನ್ನೊಂದು ಗೇರ್ ಬಂದದ್ದು ಆ ಪ್ರಯಾಣದ ನಂತರವೇ. ಅದೇ ವರ್ಷ ಮ್ಯೂನಿಕ್ ನಗರದ ಪ್ರದರ್ಶನದಲ್ಲಿ ಕಾರಿಗೆ ಚಿನ್ನದ ಪದಕ ಸಿಕ್ಕಿತು. ನಿಧಾನವಾಗಿ ಕೊಳ್ಳುವವರು ಬಂದರು. ಆ ಶತಮಾನ ಮುಗಿಯುವ ಹೊತ್ತಿಗೆ ಬೆಂಜ್ ಕಂಪನಿ ಜಗತ್ತಿನಲ್ಲೇ ಅತಿ ದೊಡ್ಡ ಕಾರು ತಯಾರಕ ಎನಿಸಿತ್ತು.

ಮುಂದೆ ಸಂಸಾರ ಲಾಡೆನ್‌ಬರ್ಗ್ ಎಂಬ ಊರಿಗೆ ಬಂದು ನೆಲೆಸಿತು. ಕಾರ್ಲ್ ತನ್ನ ಆತ್ಮಕಥೆಯಲ್ಲಿ, ಎಲ್ಲರೂ ಕೈಬಿಟ್ಟ ಕಾಲದಲ್ಲಿ ತನ್ನ ಜೊತೆ ನಿಂತವಳು ಹೆಂಡತಿಯೊಬ್ಬಳೇ ಎಂದು ಮನಸಾರೆ ಒಪ್ಪಿಕೊಂಡ. 1929ರಲ್ಲಿ ಆತ ತೀರಿಕೊಂಡ ಮೇಲೂ ಬರ್ತಾ 15 ವರ್ಷ ಬದುಕಿದ್ದಳು. 1944ರ ಮೇ 3ರಂದು, ಆಕೆಗೆ 95 ತುಂಬಿದ ದಿನ, ಕಾರ್ಲ್ ಓದಿದ್ದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಆಕೆಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಎರಡೇ ದಿನಕ್ಕೆ, ಮೇ 5ರಂದು ಬರ್ತಾ ಕಣ್ಣು ಮುಚ್ಚಿದಳು. 2008ರಲ್ಲಿ ಆಕೆ ಹೋಗಿ ಬಂದ ದಾರಿಗೆ ಬರ್ತಾ ಬೆಂಜ್ ಸ್ಮಾರಕ ಮಾರ್ಗ ಎಂದೇ ಹೆಸರಿಟ್ಟರು. ಹೆಣ್ಣಾಯಿತಲ್ಲ ಎಂದು ತಂದೆ ಕೊರಗಿದ್ದ ಮಗಳ ಹೆಸರು ಈಗ ಆ ಊರಿನ ದಾರಿಯುದ್ದಕ್ಕೂ ಇದೆ.

ನಮಗೆ ಪೈಪಿಗೆ ಪಿನ್ ಹಾಕುವ ಪ್ರಸಂಗ ಬರಲಿಕ್ಕಿಲ್ಲ. ಆದರೆ ಕಾರು ನಿಂತಾಗ ತಿರುಗುತ್ತಿದೆಯಾ, ಇಂಧನ ಬರುತ್ತಿದೆಯಾ, ಕಿಡಿ ಇದೆಯಾ ಅನ್ನುವ ಮೂರು ಪ್ರಶ್ನೆ ಕೇಳಿಕೊಂಡರೆ ಗಾಬರಿ ಅರ್ಧ ಇಳಿಯುತ್ತದೆ. ಗ್ಯಾರೇಜಿನಲ್ಲಿ ಯಾರೂ ನಿಮ್ಮನ್ನು ಸುಲಭವಾಗಿ ಯಾಮಾರಿಸಲೂ ಆಗುವುದಿಲ್ಲ.

ನೆನಪಿಡಿ

* ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸ್ಟಾರ್ಟ್ ಮಾಡಬೇಡಿ. ನಡುವೆ ಅರ್ಧ, ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಸ್ಟಾರ್ಟರ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ.

* ಆಟೋಮ್ಯಾಟಿಕ್ ಕಾರು ಪಿ ಅಥವಾ ಎನ್‌ನಲ್ಲಿದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಬಟನ್ ಇರುವ ಕಾರಿನಲ್ಲಿ ಬ್ರೇಕ್ ಅಥವಾ ಕ್ಲಚ್ ಪೂರ್ತಿ ತುಳಿದಿರಬೇಕು.

* ಕೀ ತಿರುಗದೆ ಬಿಗಿಯಾಗಿದ್ದರೆ ಅದು ಸ್ಟೇರಿಂಗ್ ಲಾಕ್. ಸ್ಟೇರಿಂಗನ್ನು ಮೆಲ್ಲಗೆ ಆಚೀಚೆ ಅಲುಗಿಸುತ್ತ ಕೀ ತಿರುಗಿಸಿ, ಬಲ ಹಾಕಬೇಡಿ.

* ಪಕ್ಕದ ಕಾರಿನ ಬ್ಯಾಟರಿಯಿಂದ ಜಂಪ್ ಕೊಡುವುದಾದರೆ ಎರಡೂ 12 ವೋಲ್ಟ್ ಇರಬೇಕು, ಎರಡೂ ಕಾರು ಆಫ್ ಆಗಿರಬೇಕು. ಕೆಂಪು ವೈರ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವೈರ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಅದರ ಇನ್ನೊಂದು ತುದಿ ನಿಂತ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬಿಚ್ಚುವಾಗ ಇದೇ ಕ್ರಮ ಹಿಂದುಮುಂದು. ಹತ್ತಿರದಲ್ಲಿ ಬೆಂಕಿ, ಸಿಗರೇಟ್ ಬೇಡವೇ ಬೇಡ.

* ತಳ್ಳಿ ಸ್ಟಾರ್ಟ್ ಮಾಡುವ ಉಪಾಯ ಆಟೋಮ್ಯಾಟಿಕ್ ಕಾರಿಗಲ್ಲ.

* ಎಲೆಕ್ಟ್ರಿಕ್ ಕಾರಿನಲ್ಲೂ ಸಾಮಾನ್ಯವಾಗಿ ಚಿಕ್ಕ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳದಿರಬಹುದು.

* ಕಾರು ಬಹಳ ದಿನ ನಿಂತೇ ಇದ್ದರೆ ಬ್ಯಾಟರಿ ತಾನಾಗಿ ಇಳಿಯುತ್ತದೆ. ವಾರಕ್ಕೊಮ್ಮೆ ಒಂದು ಸುತ್ತು ಓಡಿಸಿ. ಹಾಗೇ ಬಾನೆಟ್ ತೆಗೆದು ಇಲಿ ಬಂದಿದೆಯಾ ನೋಡಿ.

* ಇನ್ಶೂರೆನ್ಸ್ ಕಾಗದದಲ್ಲಿ ರಸ್ತೆ ಬದಿಯ ಸಹಾಯದ ಸೌಲಭ್ಯ ಇದೆಯಾ ಅಂತ ಇವತ್ತೇ ನೋಡಿ, ಇದ್ದರೆ ಆ ನಂಬರ್ ಮೊಬೈಲಿನಲ್ಲಿ ಹಾಕಿಡಿ.